ಬಿಡಿಎನ್‌ಎಫ್ ಪ್ರೋಟೀನಿನ ಎಲೈಸಾ ಮಾಪನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿದುಳಿನ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ (ಬ್ರೇನ್-ಡಿರೈವ್ಡ್ ನ್ಯೂರೋಟ್ರೋಫಿಕ್ ಫ್ಯಾಕ್ಟರ್) ಪ್ರೋಟೀನನ್ನು ಎಲೈಸಾ ಎಂಬ ಪ್ರತಿಕಾಯ (ಆಂಟಿಬಾಡಿ) ಆಧಾರಿತ ವಿಧಾನದಿಂದ ಅಳೆಯಲು ಹೊರಟ ವಿದ್ಯಾರ್ಥಿಗಳೂ ಸಂಶೋಧಕರೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಮೊದಲ ಭಾಗ ಹೊಸಬರಿಗೆ. ಕೊನೆಯ ಭಾಗ ಈಗಾಗಲೇ ಕೆಲವು ಪ್ಲೇಟ್‌ಗಳನ್ನು (ಮಾಪನ ನಡೆಯುವ ಗುಳಿಗಳ ತಟ್ಟೆಗಳನ್ನು) ಯಂತ್ರದಲ್ಲಿ ಓದಿಸಿ, ಬಂದ ಅಂಕಿಗಳನ್ನು ಎಷ್ಟು ನಂಬಬೇಕೆಂದು ಯೋಚಿಸುತ್ತಿರುವವರಿಗೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದೆ.

## ಮೊದಲ ತಿಳಿವಳಿಕೆ

ಬಿಡಿಎನ್‌ಎಫ್ ಅಂದರೆ ಏನು? ಅದನ್ನು ಅಳೆಯಲು ಇಷ್ಟೊಂದು ಸೂಕ್ಷ್ಮ ವಿಧಾನ ಯಾಕೆ ಬೇಕು?

ನರಕೋಶಗಳು ಬದುಕುಳಿಯಲು, ಕವಲೊಡೆಯಲು ಮತ್ತು ತಮ್ಮ ನಡುವಿನ ಸಂಪರ್ಕಗಳನ್ನು ಬಲಪಡಿಸಿಕೊಳ್ಳಲು ನೆರವಾಗುವ ಪ್ರೋಟೀನ್ ಇದು. 1982ರಲ್ಲಿ ಈವ್-ಅಲೆನ್ ಬಾರ್ಡ್, ಡೇವಿಡ್ ಎಡ್ಗರ್ ಮತ್ತು ಹಾನ್ಸ್ ಥೋನೆನ್ ಇದನ್ನು ಹಂದಿಯ ಮಿದುಳಿನಿಂದ ಶುದ್ಧೀಕರಿಸಿ ತೆಗೆದರು. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಸಂಶೋಧನೆಯಲ್ಲಿ ಸೇರಿದ್ದ ನರ ಬೆಳವಣಿಗೆ ಅಂಶ ಎನ್‌ಜಿಎಫ್ ಮತ್ತು ಬಿಡಿಎನ್‌ಎಫ್ ಒಂದೇ ಪ್ರೋಟೀನ್ ಕುಟುಂಬಕ್ಕೆ ಸೇರಿದವು. ಕಲಿಕೆ, ನೆನಪು, ಖಿನ್ನತೆ, ವ್ಯಾಯಾಮ ಮುಂತಾದ ವಿಷಯಗಳ ಅಧ್ಯಯನಗಳಲ್ಲಿ ಇದರ ಮಾಪನ ಈಗ ಸಾಮಾನ್ಯವಾಗಿದೆ.

ಕಷ್ಟವಿರುವುದು ಇದರ ಅಲ್ಪ ಪ್ರಮಾಣದಲ್ಲಿ. ಮನುಷ್ಯರ ಒಂದು ಮಿಲಿಲೀಟರ್ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದಲ್ಲಿ) ಒಟ್ಟು ಪ್ರೋಟೀನ್ ಸುಮಾರು 60ರಿಂದ 80 ಮಿಲಿಗ್ರಾಂ ಇದ್ದರೆ, ಬಿಡಿಎನ್‌ಎಫ್ ಇರುವುದು ಹತ್ತಾರು ನ್ಯಾನೊಗ್ರಾಂ ಮಾತ್ರ; ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗವೂ ಇಲ್ಲ. ಇಷ್ಟು ದಟ್ಟಣೆಯ ನಡುವೆ ಒಂದೇ ಪ್ರೋಟೀನನ್ನು ಆರಿಸಿ ಹಿಡಿಯುವ ಸಾಮರ್ಥ್ಯ ಪ್ರತಿಕಾಯಗಳಿಗೆ ಇರುವುದರಿಂದಲೇ ಪ್ರತಿಕಾಯ ಆಧಾರಿತ ಮಾಪನ ಇಲ್ಲಿ ಮುಖ್ಯ ಸಾಧನವಾಗಿದೆ.

ಎಲೈಸಾ ಪ್ಲೇಟಿನ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಬಿಡಿಎನ್‌ಎಫ್‌ಗೆ ಹೆಚ್ಚಾಗಿ ಬಳಸುವುದು ಸ್ಯಾಂಡ್‌ವಿಚ್ ಎಲೈಸಾ. 96 ಗುಳಿಗಳ ಪ್ಲೇಟಿನ ತಳಕ್ಕೆ ಮೊದಲೇ ಒಂದು ಪ್ರತಿಕಾಯವನ್ನು ಅಂಟಿಸಿರುತ್ತಾರೆ. ಮಾದರಿಯನ್ನು ಹಾಕಿದಾಗ ಅದರಲ್ಲಿರುವ ಬಿಡಿಎನ್‌ಎಫ್ ಆ ಪ್ರತಿಕಾಯಕ್ಕೆ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಬಳಿಕ ಬಯೋಟಿನ್ ಜೋಡಿಸಿದ ಎರಡನೆಯ ಪ್ರತಿಕಾಯ ಮೇಲಿನಿಂದ ಬಂದು ಕೂರುತ್ತದೆ, ಅದರ ಬಯೋಟಿನ್‌ಗೆ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್, ಬಣ್ಣ ಹುಟ್ಟಿಸುವ ಎಚ್‌ಆರ್‌ಪಿ ಕಿಣ್ವವನ್ನು ಹೊತ್ತು ಬಂದು ಅಂಟುತ್ತದೆ. ಕೊನೆಗೆ ಈ ಕಿಣ್ವದಿಂದ ಬಣ್ಣ ಪಡೆಯುವ ಟಿಎಂಬಿ ದ್ರಾವಣವನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಗುಳಿಗಳು ತಿಳಿನೀಲಿಯಿಂದ ಗಾಢನೀಲಿಗೆ ತಿರುಗುತ್ತವೆ, ಸ್ಟ್ಯಾಂಡರ್ಡ್‌ಗಳ (ಗೊತ್ತಿರುವ ಸಾಂದ್ರತೆಯ ಬಿಡಿಎನ್‌ಎಫ್ ದ್ರಾವಣಗಳ) ಸಾಲಿನಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ಆಮ್ಲ ಹಾಕಿ ಕ್ರಿಯೆಯನ್ನು ನಿಲ್ಲಿಸಿದ ಕ್ಷಣ ನೀಲಿ ಹಳದಿಯಾಗುತ್ತದೆ. ಆ ಹಳದಿಯನ್ನು 450 ನ್ಯಾನೊಮೀಟರ್ ತರಂಗಾಂತರದಲ್ಲಿ ಓದಿ, ಪ್ಲಾಸ್ಟಿಕ್‌ನ ಕಲೆ ಮತ್ತು ಗೀರುಗಳಿಂದ ಬರುವ ದೋಷವನ್ನು ಕಳೆಯಲು 540 ಅಥವಾ 570ರಲ್ಲಿ ಇನ್ನೊಮ್ಮೆ ಓದುತ್ತಾರೆ.

ಈ ಬಗೆಯ ಕಿಣ್ವ ಆಧಾರಿತ ಮಾಪನವನ್ನು 1971ರಲ್ಲಿ ಸ್ವೀಡನ್ನಿನಲ್ಲಿ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಅದೇ ವರ್ಷ ನೆದರ್ಲೆಂಡ್ಸ್‌ನಲ್ಲಿ ವಾನ್ ವೀಮೆನ್ ಮತ್ತು ಶೂರ್ಸ್ ಪ್ರತ್ಯೇಕವಾಗಿ ಪ್ರಕಟಿಸಿದರು. ಯಂತ್ರ ಅಳೆಯುವುದು ಬಣ್ಣವನ್ನೇ ಹೊರತು ಬಿಡಿಎನ್‌ಎಫ್ ಅನ್ನಲ್ಲ; ಸ್ಟ್ಯಾಂಡರ್ಡ್‌ಗಳ ಬಣ್ಣದಿಂದ ಎಳೆದ ರೇಖೆಯೊಡನೆ ಹೋಲಿಸಿಯೇ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಮುಂದಿನ ಬಹುಪಾಲು ಪ್ರಶ್ನೆಗಳು ಹುಟ್ಟುವುದು ಇಲ್ಲಿಯೇ.

ಪ್ರೋಬಿಡಿಎನ್‌ಎಫ್, ಪಕ್ವ ಬಿಡಿಎನ್‌ಎಫ್ ಅಂತ ಎರಡು ಇವೆಯಂತೆ. ನನ್ನ ಕಿಟ್ ಅಳೆಯುವುದು ಯಾವುದನ್ನು?

ಕೋಶದೊಳಗೆ ಬಿಡಿಎನ್‌ಎಫ್ ಮೊದಲು ಸುಮಾರು 32 ಕಿಲೋಡಾಲ್ಟನ್ ತೂಕದ ಪೂರ್ವರೂಪವಾಗಿ ತಯಾರಾಗುತ್ತದೆ. ಕೋಶದೊಳಗೆ ಫ್ಯೂರಿನ್‌ನಂತಹ ಕಿಣ್ವಗಳು, ಹೊರಗೆ ಪ್ಲಾಸ್ಮಿನ್‌ನಂತಹ ಕಿಣ್ವಗಳು ಅದನ್ನು ಕತ್ತರಿಸಿದಾಗ ಸುಮಾರು 14 ಕಿಲೋಡಾಲ್ಟನ್ ತೂಕದ ಪಕ್ವ ರೂಪ ಬಿಡುಗಡೆಯಾಗುತ್ತದೆ. ದೇಹದಲ್ಲಿ ಅದು ಜೋಡಿಯಾಗಿ ಕೆಲಸ ಮಾಡುತ್ತದೆ. ಪಕ್ವ ರೂಪ ಕೋಶದ ಮೇಲಿನ ಟಿಆರ್‌ಕೆಬಿ ಎಂಬ ಗ್ರಾಹಕದ (ರಿಸೆಪ್ಟರ್) ಮೂಲಕ ಸಂಪರ್ಕಗಳನ್ನು ಬಲಪಡಿಸಿದರೆ, ಪೂರ್ವರೂಪ ಪಿ75 ಗ್ರಾಹಕದ ಮೂಲಕ ಬಹುಮಟ್ಟಿಗೆ ವಿರುದ್ಧ ದಿಕ್ಕಿನ ಪರಿಣಾಮ ಬೀರುತ್ತದೆ. ಆದ್ದರಿಂದ ಎರಡನ್ನೂ ಬೆರೆಸಿ ಒಂದೇ ಅಂಕಿ ಕೊಡುವ ಕಿಟ್‌ನಿಂದ ಜೈವಿಕ ತೀರ್ಮಾನಕ್ಕೆ ಬರುವುದು ಅಪಾಯಕಾರಿ.

ಪಕ್ವ ಭಾಗ ಪೂರ್ವರೂಪದ ಒಳಗೂ ಇರುವುದರಿಂದ, ಪಕ್ವ ಭಾಗವನ್ನು ಗುರುತಿಸುವ ಪ್ರತಿಕಾಯ ಹಲವು ವೇಳೆ ಪೂರ್ವರೂಪವನ್ನೂ ಹಿಡಿಯುತ್ತದೆ. ಕಿಟ್‌ನ ಕೈಪಿಡಿಯಲ್ಲಿ ಅಡ್ಡ-ಪ್ರತಿಕ್ರಿಯೆಯ ಶೇಕಡಾವಾರನ್ನು ಹುಡುಕಿ ಓದಿ. ಅದು ಅಲ್ಲಿ ಇಲ್ಲದಿದ್ದರೆ ತಯಾರಕರನ್ನು ಕೇಳಿ. ಆ ಶೇಕಡಾವಾರು ತೂಕದ ಲೆಕ್ಕದಲ್ಲಿದೆಯೋ ಮೋಲ್ (ಅಣುಗಳ ಸಂಖ್ಯೆಯ) ಲೆಕ್ಕದಲ್ಲಿದೆಯೋ ಎಂಬುದನ್ನೂ ಕೇಳಬೇಕು, ಏಕೆಂದರೆ ಎರಡು ರೂಪಗಳ ತೂಕದಲ್ಲಿ ಎರಡು ಪಟ್ಟಿಗೂ ಹೆಚ್ಚಿನ ಅಂತರವಿದೆ.

ಮನುಷ್ಯರಿಗೆಂದು ಮಾರುವ ಕಿಟ್ ಅನ್ನು ರ‍್ಯಾಟ್ ಮಾದರಿಗೆ ಬಳಸಬಹುದೇ?

ಪಕ್ವ ರೂಪಕ್ಕೆ ಸಾಮಾನ್ಯವಾಗಿ ಬಳಸಬಹುದು. ಮನುಷ್ಯ, ಮೌಸ್, ರ‍್ಯಾಟ್ ಮತ್ತು ಹಂದಿಗಳಲ್ಲಿ ಪಕ್ವ ಬಿಡಿಎನ್‌ಎಫ್‌ನ ಅಮೈನೋ ಆಮ್ಲಗಳ ಸರಣಿ ಒಂದೇ ಆಗಿದೆ. ಪೂರ್ವರೂಪದಲ್ಲಿ ಕತ್ತರಿಸಿಹೋಗುವ ಭಾಗ ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗಬಹುದು, ಆದ್ದರಿಂದ ಪ್ರೋಬಿಡಿಎನ್‌ಎಫ್ ಕಿಟ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಸರಣಿ ಒಂದೇ ಇದ್ದರೂ ಸೀರಂನ ಉಳಿದ ಘಟಕಗಳು ಬೇರೆ ಇರುವುದರಿಂದ, ಹೊಸ ಪ್ರಾಣಿಯ ಮಾದರಿಯಲ್ಲಿ ಕಿಟ್ ಸರಿಯಾಗಿ ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು.

## ಮಾದರಿ ಸಂಗ್ರಹ ಮತ್ತು ತಯಾರಿ

ಸೀರಂ ತೆಗೆಯಲೋ ಪ್ಲಾಸ್ಮಾ ತೆಗೆಯಲೋ? ಒಂದೇ ವ್ಯಕ್ತಿಯ ರಕ್ತದಲ್ಲಿ ಎರಡಕ್ಕೂ ಇಷ್ಟು ಅಂತರ ಯಾಕೆ?

ಬಿಡಿಎನ್‌ಎಫ್ ಮಾಪನದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವ ಜಾಗ ಇದು. ಮನುಷ್ಯರ ರಕ್ತದಲ್ಲಿರುವ ಬಿಡಿಎನ್‌ಎಫ್‌ನ ಬಹುಪಾಲು, ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳ ಒಳಗೆ ದಾಸ್ತಾನಾಗಿರುತ್ತದೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಪ್ರಚೋದನೆಗೊಂಡು ಆ ದಾಸ್ತಾನಿನ ಒಂದು ಪಾಲನ್ನು ಹೊರಚೆಲ್ಲುತ್ತವೆ. ಸೀರಂ ಎಂದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವಾದ್ದರಿಂದ ಅದರಲ್ಲಿ ಸಿಗುವ ಹತ್ತಾರು ನ್ಯಾನೊಗ್ರಾಂ ಬಿಡಿಎನ್‌ಎಫ್ ಮುಖ್ಯವಾಗಿ ಪ್ಲೇಟ್‌ಲೆಟ್‌ಗಳಿಂದ ಬಂದದ್ದು. ಹೆಪ್ಪುಗಟ್ಟದಂತೆ ತಡೆದು, ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ತೆಗೆದ ಪ್ಲಾಸ್ಮಾದಲ್ಲಿ ಸಿಗುವುದು ಅದರ ಹತ್ತನೇ ಒಂದು ಭಾಗವೋ ಇನ್ನೂ ಕಡಿಮೆಯೋ ಆಗಿರುತ್ತದೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಪ್ಲೇಟ್‌ಲೆಟ್‌ಗಳ ಆಯಸ್ಸು ಸುಮಾರು 8ರಿಂದ 10 ದಿನವಾದ್ದರಿಂದ, ಸೀರಂನ ಅಂಕಿ ಆ ಗಳಿಗೆಯ ಸ್ಥಿತಿಯನ್ನು ಹೇಳುವುದಿಲ್ಲ, ದಿನಗಳಿಂದ ಕೂಡಿಟ್ಟ ದಾಸ್ತಾನನ್ನು ಹೇಳುತ್ತದೆ. ಪ್ಲಾಸ್ಮಾ ಆ ಗಳಿಗೆಗೆ ಹತ್ತಿರವಾದರೂ, ಕೆಲವೇ ಪ್ಲೇಟ್‌ಲೆಟ್‌ಗಳು ಒಡೆದರೂ ಅಂಕಿ ಏರಿಬಿಡುವಷ್ಟು ಅದು ನಾಜೂಕು. ನನ್ನ ಅಭಿಪ್ರಾಯದಲ್ಲಿ ಹಲವು ಕೇಂದ್ರಗಳಿಂದ ಮಾದರಿ ತರಿಸುವ ಅಧ್ಯಯನಕ್ಕೆ ಸೀರಂ ಹೆಚ್ಚು ಭರವಸೆಯದು. ತರಬೇತಾದ ಒಂದೇ ತಂಡ ಒಂದೇ ಕಡೆ ರಕ್ತ ತೆಗೆಯುವುದಾದರೆ ಮಾತ್ರ ಪ್ಲಾಸ್ಮಾ ಆಯ್ದುಕೊಳ್ಳಬೇಕು.

ಸೀರಂಗೆ ಹೆಪ್ಪುಗಟ್ಟುವ ಸಮಯ ಮತ್ತು ಉಷ್ಣತೆ ಎಲ್ಲ ಮಾದರಿಗಳಿಗೂ ಒಂದೇ ಇರಬೇಕು: ಕೋಣೆಯ ಉಷ್ಣತೆಯಲ್ಲಿ 30ರಿಂದ 60 ನಿಮಿಷಗಳ ನಡುವೆ ಒಂದು ಅವಧಿಯನ್ನು ಆಯ್ದುಕೊಂಡು ಕೊನೆಯ ಮಾದರಿಯವರೆಗೂ ಅದನ್ನೇ ಪಾಲಿಸಿ. ಪ್ಲಾಸ್ಮಾಗೆ ರಕ್ತ ತೆಗೆದ ಕೂಡಲೇ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ತಳದ ಪದರಕ್ಕೆ ತಾಗದಂತೆ ಎತ್ತಿಕೊಂಡು, ಇನ್ನೂ ಹೆಚ್ಚಿನ ವೇಗದಲ್ಲಿ ಎರಡನೆಯ ಬಾರಿ ತಿರುಗಿಸಬೇಕು. ಈ ಎರಡನೆಯ ಸುತ್ತನ್ನು ಬಿಟ್ಟು ಫ್ರೀಜ್ ಮಾಡಿದರೆ, ಉಳಿದುಕೊಂಡ ಪ್ಲೇಟ್‌ಲೆಟ್‌ಗಳು ಕರಗಿಸುವಾಗ ಒಡೆದು ಮಾದರಿಯನ್ನು ಹಾಳು ಮಾಡುತ್ತವೆ. ಸಂಶಯವಿದ್ದರೆ ಅದೇ ಪ್ಲಾಸ್ಮಾದಲ್ಲಿ, ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಎಂಬ ಪ್ರೋಟೀನನ್ನೂ ಅಳೆಯಿರಿ. ಅದು ಏರಿದ್ದರೆ ಬಿಡಿಎನ್‌ಎಫ್‌ನ ಏರಿಕೆಗೂ ಪ್ಲೇಟ್‌ಲೆಟ್ ಸೋರಿಕೆಯೇ ಕಾರಣವಿರಬಹುದು.

ಮೌಸ್ ಸೀರಂನಲ್ಲಿ ಬಿಡಿಎನ್‌ಎಫ್ ಸಿಗುತ್ತಲೇ ಇಲ್ಲ. ಕಿಟ್ ಕೆಟ್ಟಿದೆಯೇ?

ಕಿಟ್ ಸರಿಯಾಗಿಯೇ ಇರಬಹುದು. ಮನುಷ್ಯ ಮತ್ತು ರ‍್ಯಾಟ್‌ಗಳ ಪ್ಲೇಟ್‌ಲೆಟ್‌ಗಳಲ್ಲಿ ಬಿಡಿಎನ್‌ಎಫ್ ಇದೆ, ಮೌಸ್‌ನ ಪ್ಲೇಟ್‌ಲೆಟ್‌ಗಳಲ್ಲಿ ಅಳೆಯುವಷ್ಟು ಇಲ್ಲ. ಹಾಗಾಗಿ ಮೌಸ್ ಸೀರಂನಲ್ಲಿ ಒಳ್ಳೆಯ ಪ್ರಮಾಣದ ಬಿಡಿಎನ್‌ಎಫ್ ಸಿಕ್ಕಿತೆಂದು ಹೇಳುವ ಫಲಿತಾಂಶವನ್ನೇ ಹೆಚ್ಚು ಅನುಮಾನದಿಂದ ನೋಡಬೇಕು. ಮೌಸ್‌ಗಳಲ್ಲಿ ಕೆಲಸ ಮಾಡುವವರು ಮಿದುಳಿನ ಅಂಗಾಂಶವನ್ನೇ ಅಳೆಯುವುದು ಒಳ್ಳೆಯದು.

ಮಿದುಳಿನ ಅಂಗಾಂಶದಿಂದ ಬಿಡಿಎನ್‌ಎಫ್ ಹೊರತೆಗೆಯುವಾಗ ಏನನ್ನು ಗಮನಿಸಬೇಕು?

ಬೇಕಾದ ಭಾಗವನ್ನು, ಉದಾಹರಣೆಗೆ ಹಿಪ್ಪೋಕ್ಯಾಂಪಸ್ ಅನ್ನು, ಬೇಗನೆ ಬಿಡಿಸಿ ಕೂಡಲೇ ಘನೀಕರಿಸಿ. ಅರೆಯುವ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ತಣ್ಣಗಿರಬೇಕು, ಅದರಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳನ್ನು ತಡೆಯುವ ದ್ರಾವಣಗಳು ಇರಬೇಕು. ಇವಿಲ್ಲದಿದ್ದರೆ ಕೊಳವೆಯೊಳಗೇ ಪೂರ್ವರೂಪ ಕತ್ತರಿಸಿಹೋಗಿ, ಪಕ್ವ ರೂಪದೊಂದಿಗಿನ ಅದರ ಅನುಪಾತವೇ ಬದಲಾಗುತ್ತದೆ. ಬಿಡಿಎನ್‌ಎಫ್ ಕೋಶಪೊರೆ ಮತ್ತು ಗ್ರಾಹಕಗಳಿಗೆ ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸಲು ಎನ್‌ಪಿ-40ರಂತಹ ಮೃದು ಡಿಟರ್ಜೆಂಟ್ ಬೇಕು. ಎಸ್‌ಡಿಎಸ್‌ನಂತಹ ಪ್ರಬಲ ಡಿಟರ್ಜೆಂಟ್ ಹೆಚ್ಚಿದ್ದರೆ ಪ್ಲೇಟಿನ ಪ್ರತಿಕಾಯವೇ ಕೆಡುತ್ತದೆ. ಫಲಿತಾಂಶವನ್ನು ಒಂದು ಮಿಲಿಗ್ರಾಂ ಒಟ್ಟು ಪ್ರೋಟೀನಿಗೆ ಇಷ್ಟು ಪಿಕೋಗ್ರಾಂ ಎಂದು ಕೊಡುವುದು ರೂಢಿ. ಬೇರೆ ಬೇರೆ ಬಫರ್‌ಗಳು ಬೇರೆ ಬೇರೆ ಪ್ರಮಾಣವನ್ನು ಹೊರತೆಗೆಯುವುದರಿಂದ, ಒಂದು ಅಧ್ಯಯನದ ನಡುವೆ ಬಫರ್ ಬದಲಿಸಬಾರದು.

ಆಮ್ಲ ಸಂಸ್ಕರಣೆ ಮಾಡಲೇಬೇಕೇ?

ಕೆಲವು ಕಿಟ್‌ಗಳ ವಿಧಾನದಲ್ಲಿ ಮಾದರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 3ಕ್ಕಿಂತ ಕೆಳಗಿಳಿಸಿ, ಸ್ವಲ್ಪ ಹೊತ್ತಿನ ನಂತರ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸುವ ಹಂತವಿದೆ. ಇತರ ಪ್ರೋಟೀನ್‌ಗಳಿಗೆ ಅಂಟಿ ಪ್ರತಿಕಾಯಕ್ಕೆ ಕಾಣದಂತಾಗಿರುವ ಬಿಡಿಎನ್‌ಎಫ್ ಅನ್ನು ಬಿಡಿಸುವುದು ಇದರ ಉದ್ದೇಶ. ನಿಮ್ಮ ಕಿಟ್ ಇದನ್ನು ಹೇಳದಿದ್ದರೆ ನಾಲ್ಕೈದು ಮಾದರಿಗಳಲ್ಲಿ ಮಾಡಿಯೂ ಮಾಡದೆಯೂ ಹೋಲಿಸಿ ನೋಡಿ. ಒಮ್ಮೆ ತೀರ್ಮಾನಿಸಿದ ಮೇಲೆ ಎಲ್ಲ ಮಾದರಿಗಳಿಗೂ ಅದೇ ಕ್ರಮವಿರಲಿ. ಸೇರಿಸಿದ ಆಮ್ಲ ಮತ್ತು ಕ್ಷಾರದ ಗಾತ್ರವನ್ನು ತೆಳುಗೊಳಿಸಿದ ಲೆಕ್ಕಕ್ಕೆ ಸೇರಿಸಲು ಮರೆಯಬಾರದು.

ಜೀವಕೋಶ ಬೆಳೆಸಿದ ಮೀಡಿಯಂನಲ್ಲಿ (ಪೋಷಕ ದ್ರವದಲ್ಲಿ) ಬಿಡಿಎನ್‌ಎಫ್ ತುಂಬ ಕಡಿಮೆ ಬರುತ್ತಿದೆ. ಏನು ಮಾಡಬಹುದು?

ಬಿಡಿಎನ್‌ಎಫ್ ಪ್ರಬಲ ಧನ ವಿದ್ಯುದಂಶವಿರುವ ಪ್ರೋಟೀನ್. ಬಿಡುಗಡೆಯಾದ ಕೂಡಲೇ ಅದು ಕೋಶಗಳ ಮೇಲ್ಮೈಗೂ ಪ್ಲಾಸ್ಟಿಕ್‌ಗೂ ಅಂಟಿಕೊಳ್ಳುವುದರಿಂದ ಮೀಡಿಯಂನಲ್ಲಿ ಉಳಿಯುವುದು ಅಲ್ಪ. ಪ್ಲೇಟಿನ ತಳಕ್ಕೆ ಮೊದಲೇ ಪ್ರತಿಕಾಯ ಬಳಿದು, ಅದರ ಮೇಲೆಯೇ ಕೋಶಗಳನ್ನು ಬೆಳೆಸಿ, ಹೊರಬಂದ ಬಿಡಿಎನ್‌ಎಫ್ ಅನ್ನು ಅಲ್ಲೇ ಹಿಡಿಯುವ ವಿಧಾನ ನರಕೋಶಗಳ ಅಧ್ಯಯನದಲ್ಲಿ ಉಪಯುಕ್ತವಾಗಿದೆ. ಮೀಡಿಯಂಗೆ ಹಸುವಿನ ಭ್ರೂಣದ ಸೀರಂ ಸೇರಿಸಿದ್ದರೆ ಅದರ ಬಿಡಿಎನ್‌ಎಫ್ ಕೂಡ ಲೆಕ್ಕಕ್ಕೆ ಬರಬಹುದು. ಕೋಶಗಳಿಲ್ಲದ ಅದೇ ಮೀಡಿಯಂ ಅನ್ನು ಪ್ರತಿ ಪ್ಲೇಟಿನಲ್ಲೂ ಓದಿಸಿ.

ಹಲವು ವರ್ಷ −20 ಡಿಗ್ರಿಯಲ್ಲಿ ಇಟ್ಟ ಸೀರಂ ಬಳಸಬಹುದೇ?

ದೀರ್ಘಕಾಲಕ್ಕೆ −80 ಡಿಗ್ರಿಯೇ ಸರಿ. ಹಳೆಯ ಮಾದರಿಗಳನ್ನು ಬಳಸಲೇಬೇಕಾದರೆ, ರೋಗಿಗಳ ಮಾದರಿ ಹಳೆಯದು, ಆರೋಗ್ಯವಂತರದು ಹೊಸದು ಎಂಬಂತಹ ಹಂಚಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ನೀವು ಕಾಣುವ ವ್ಯತ್ಯಾಸ ಶೇಖರಣೆಯದೋ ರೋಗದ್ದೋ ಎಂದು ಬೇರ್ಪಡಿಸಲಾಗದು.

## ಪ್ಲೇಟಿನ ಮೇಲೆ

ಕಡಿಮೆ ಸಾಂದ್ರತೆಯ ಸ್ಟ್ಯಾಂಡರ್ಡ್‌ಗಳು ಸಪ್ಪೆಯಾಗಿ ಬರುತ್ತವೆ, ಯಾಕೆ?

ಬಹುತೇಕ ಸಂದರ್ಭಗಳಲ್ಲಿ ಸ್ಟ್ಯಾಂಡರ್ಡ್ ಕೊಳವೆಯ ಗೋಡೆಗೆ ಅಂಟಿಹೋಗಿರುತ್ತದೆ. ಪ್ರೋಟೀನ್ ಅಂಟದ ಬಗೆಯ ಪಾಲಿಪ್ರೊಪಿಲೀನ್ ಕೊಳವೆಗಳನ್ನು ಬಳಸಿ. ಬಫರ್‌ನಲ್ಲಿ ಬಿಎಸ್‌ಎ (ಹಸುವಿನ ಸೀರಂನ ಆಲ್ಬುಮಿನ್ ಪ್ರೋಟೀನ್) ಇರಲಿ, ಏಕೆಂದರೆ ಅದು ತಾನೇ ಗೋಡೆಗೆ ಅಂಟಿಕೊಂಡು ಬಿಡಿಎನ್‌ಎಫ್ ಅನ್ನು ದ್ರಾವಣದಲ್ಲಿ ಉಳಿಸುತ್ತದೆ. ಸ್ಟ್ಯಾಂಡರ್ಡ್ ಸರಣಿಯನ್ನು ಪ್ಲೇಟಿಗೆ ಹಾಕುವ ಸ್ವಲ್ಪ ಮೊದಲು ತಯಾರಿಸಿ. ಇಡೀ ಪ್ಲೇಟೇ ಸಪ್ಪೆಯಾಗಿದ್ದರೆ ಸೋಡಿಯಂ ಅಜೈಡ್ ಎಲ್ಲಾದರೂ ಸೇರಿದೆಯೇ ಎಂದು ನೋಡಿ. ಕೆಡದಂತೆ ಇಡಲು ಬಫರ್‌ಗಳಿಗೆ ಹಾಕುವ ಇದು ಎಚ್‌ಆರ್‌ಪಿ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ.

ಒಂದೇ ಮಾದರಿಯ ಎರಡು ಗುಳಿಗಳು ಒಂದಕ್ಕೊಂದು ಹೊಂದುತ್ತಿಲ್ಲ. ತಪ್ಪು ಎಲ್ಲಿದೆ?

ಮೊದಲು ತೊಳೆಯುವ ಹಂತವನ್ನು ನೋಡಿ. ತೊಳೆದ ಮೇಲೆ ಪ್ಲೇಟನ್ನು ಮಗುಚಿ ಹೀರುವ ಕಾಗದದ ಮೇಲೆ ಬಲವಾಗಿ ಬಡಿದು, ಬೆಳಕಿಗೆ ಓರೆಯಾಗಿ ಹಿಡಿದರೆ ಗುಳಿಯ ಮೂಲೆಯಲ್ಲಿ ಉಳಿದ ತೇವ ಮಿನುಗುವುದು ಕಾಣುತ್ತದೆ. ಆ ಒಂದು ಹನಿಯಲ್ಲಿರುವ ಕಿಣ್ವವೇ ಎರಡು ಗುಳಿಗಳನ್ನು ಬೇರೆ ಮಾಡಲು ಸಾಕು. ಆದರೆ ಗುಳಿಗಳನ್ನು ಒಣಗಲು ಬಿಡಬಾರದು. ಅಂಚಿನ ಗುಳಿಗಳೇ ಪ್ರತಿ ಬಾರಿ ಹೆಚ್ಚು ತೋರಿಸಿದರೆ ಪ್ಲೇಟ್ ಸಮನಾಗಿ ಬಿಸಿಯಾಗಿಲ್ಲ ಅಥವಾ ಅಂಚಿನಲ್ಲಿ ದ್ರವ ಆವಿಯಾಗಿದೆ; ಮುಚ್ಚುವ ಹಾಳೆಯನ್ನು ಬಿಗಿಯಾಗಿ ಅಂಟಿಸಿ. ಜೋಡಿ ಗುಳಿಗಳ ವ್ಯತ್ಯಾಸ ಶೇ. 10ರ ಒಳಗಿರುವುದು ಒಪ್ಪಬಹುದಾದ ಗುರಿ.

ಒಂದೇ ಸೀರಂ ಅನ್ನು ಬೇರೆ ಬೇರೆ ಪಟ್ಟು ತೆಳುಗೊಳಿಸಿದರೆ ಬೇರೆ ಬೇರೆ ಉತ್ತರ ಬರುತ್ತದೆ. ಯಾವುದು ಸರಿ?

ಈ ಪ್ರಶ್ನೆ ಕೇಳುವವರು ಸರಿಯಾದ ದಾರಿಯಲ್ಲಿದ್ದಾರೆ, ಏಕೆಂದರೆ ಒಂದೇ ಪಟ್ಟು ತೆಳುಗೊಳಿಸಿ ಓದಿದವರಿಗೆ ಈ ಸಮಸ್ಯೆ ಇರುವುದೇ ತಿಳಿಯುವುದಿಲ್ಲ. ಒಂದು ಸೀರಂ 10 ಪಟ್ಟು ತೆಳುಗೊಳಿಸಿದಾಗ ಮಿಲಿಲೀಟರಿಗೆ 1,500 ಪಿಕೋಗ್ರಾಂ, 20 ಪಟ್ಟಿಗೆ 1,000, 40 ಪಟ್ಟಿಗೆ 525, 80 ಪಟ್ಟಿಗೆ 264 ಎಂದು ಓದಿತು ಎಂದಿಟ್ಟುಕೊಳ್ಳಿ. ಗುಣಿಸಿದರೆ ಕ್ರಮವಾಗಿ 15, 20, 21 ಮತ್ತು ಸುಮಾರು 21 ನ್ಯಾನೊಗ್ರಾಂ ಬರುತ್ತದೆ. ಹತ್ತು ಪಟ್ಟಿನಲ್ಲಿ ಸೀರಂನ ಇತರ ಘಟಕಗಳು ಬಿಡಿಎನ್‌ಎಫ್ ಪ್ರತಿಕಾಯವನ್ನು ತಲುಪದಂತೆ ತಡೆಯುತ್ತಿವೆ, ಅಥವಾ ಓದು ಸ್ಟ್ಯಾಂಡರ್ಡ್ ರೇಖೆಯ ಮೇಲ್ತುದಿಯ ಚಪ್ಪಟೆ ಭಾಗಕ್ಕೆ ಬಿದ್ದಿದೆ. 20 ಪಟ್ಟಿನಿಂದ ಮುಂದೆ ಉತ್ತರ ಸ್ಥಿರವಾಗುತ್ತಿದೆ. ಆದ್ದರಿಂದ ಆಯ್ದುಕೊಳ್ಳಬೇಕಾದದ್ದು ಉತ್ತರ ಸ್ಥಿರವಾಗಿರುವ, ಓದು ರೇಖೆಯ ನಡುಭಾಗಕ್ಕೆ ಬೀಳುವ ಪಟ್ಟು.

ಇದರ ಜೊತೆಗೆ ಮರುಗಳಿಕೆಯ ಪರೀಕ್ಷೆ ಮಾಡಬೇಕು. ತೆಳುಗೊಳಿಸಿದ ಮಾದರಿಗೆ ಗೊತ್ತಿರುವಷ್ಟು ಶುದ್ಧ ಬಿಡಿಎನ್‌ಎಫ್ ಸೇರಿಸಿ, ಏರಿಕೆಯಲ್ಲಿ ಅದರ ಶೇ. 80ರಿಂದ 120ರಷ್ಟು ಕಾಣುತ್ತದೆಯೇ ನೋಡಿ. ಸೇರಿಸಿದ್ದರಲ್ಲಿ ಅರ್ಧವಷ್ಟೇ ಕಂಡರೆ, ಮಾದರಿಯಲ್ಲಿ ಮೊದಲೇ ಇದ್ದ ಬಿಡಿಎನ್‌ಎಫ್ ಕೂಡ ಪೂರ್ತಿ ಕಾಣುತ್ತಿಲ್ಲ ಎಂದೇ ತಿಳಿಯಬೇಕು.

ಸ್ಟ್ಯಾಂಡರ್ಡ್ ಬಿಂದುಗಳ ಮೂಲಕ ನೇರ ಗೆರೆ ಎಳೆದರೆ ಸಾಲದೇ?

ಸಾಲದು. ಎಲೈಸಾದ ಪ್ರತಿಕ್ರಿಯೆ ಎಸ್ ಆಕಾರದ್ದು. ನಾಲ್ಕು ನಿಯತಾಂಕಗಳ ಲಾಜಿಸ್ಟಿಕ್ ರೇಖೆ ಅದಕ್ಕೆ ಹೊಂದುತ್ತದೆ. ರೇಖೆ ಬಿಂದುಗಳಿಗೆ ಎಷ್ಟು ಹೊಂದುತ್ತದೆಂದು ಹೇಳುವ ಆರ್-ವರ್ಗದ ಬೆಲೆ 0.99 ಬಂದಿತೆಂದು ಸಮಾಧಾನಪಡಬೇಡಿ, ಏಕೆಂದರೆ ಮೇಲ್ತುದಿಯ ದೊಡ್ಡ ಬಿಂದುಗಳೇ ಆ ಬೆಲೆಯನ್ನು ನಿರ್ಧರಿಸುತ್ತವೆ. ಪ್ರತಿ ಸ್ಟ್ಯಾಂಡರ್ಡನ್ನೂ ರೇಖೆಯ ಮೂಲಕ ಹಿಂದಕ್ಕೆ ಲೆಕ್ಕ ಹಾಕಿ, ನಿಜವಾದ ಸಾಂದ್ರತೆಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ.

## ಫಲಿತಾಂಶವನ್ನು ನಂಬುವ ಮುನ್ನ

ಎರಡು ಕಂಪನಿಗಳ ಕಿಟ್ ಒಂದೇ ಮಾದರಿಗೆ ಬೇರೆ ಅಂಕಿ ಕೊಡುತ್ತವೆ. ಯಾವುದನ್ನು ನಂಬಲಿ?

ಪ್ರತಿ ಕಿಟ್‌ನ ಪ್ರತಿಕಾಯಗಳು ಪ್ರೋಟೀನಿನ ಬೇರೆ ಬೇರೆ ಭಾಗವನ್ನು ಹಿಡಿಯುತ್ತವೆ, ಪೂರ್ವರೂಪವನ್ನು ಬೇರೆ ಬೇರೆ ಮಟ್ಟಿಗೆ ಹಿಡಿಯುತ್ತವೆ, ಪ್ರತಿಯೊಂದರ ಸ್ಟ್ಯಾಂಡರ್ಡೂ ಅದರದೇ ಲೆಕ್ಕದ್ದು. ಆದ್ದರಿಂದ ಒಂದು ಕಿಟ್‌ನ 20 ನ್ಯಾನೊಗ್ರಾಂ ಇನ್ನೊಂದರ 20 ನ್ಯಾನೊಗ್ರಾಂಗೆ ಸಮವಲ್ಲ. ಒಂದೇ ಕಿಟ್‌ನೊಳಗೆ ಗುಂಪುಗಳನ್ನು ಹೋಲಿಸುವುದು ನ್ಯಾಯವಾದದ್ದು. ಬೇರೆ ಕಿಟ್ ಬಳಸಿದ ಪ್ರಬಂಧದ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ‘ನಮ್ಮವರಲ್ಲಿ ಕಡಿಮೆ’ ಎನ್ನುವುದಕ್ಕೆ ಆಧಾರವಿಲ್ಲ. ಅಧ್ಯಯನದ ಎಲ್ಲ ಮಾದರಿಗಳಿಗೂ ಸಾಕಾಗುವಷ್ಟು ಪ್ಲೇಟ್‌ಗಳನ್ನು ಒಂದೇ ಬ್ಯಾಚ್‌ನಿಂದ ತರಿಸಿ. ಪ್ರತಿ ಪ್ಲೇಟಿನಲ್ಲೂ ರೋಗಿಗಳ ಮತ್ತು ಹೋಲಿಕೆಯ ಗುಂಪಿನ ಮಾದರಿಗಳನ್ನು ಬೆರೆಸಿ ಇರಿಸಿ, ಎಲ್ಲ ಪ್ಲೇಟ್‌ಗಳಲ್ಲೂ ಒಂದೇ ನಿಯಂತ್ರಣ ಸೀರಂ ಇರಲಿ.

ನಾನು ಅಳೆಯುತ್ತಿರುವುದು ನಿಜವಾಗಿಯೂ ಬಿಡಿಎನ್‌ಎಫ್ ಎಂದು ಹೇಗೆ ಖಚಿತಪಡಿಸಿಕೊಳ್ಳಲಿ?

ಬಿಡಿಎನ್‌ಎಫ್ ಜೀನ್ ಇಲ್ಲದ ಪ್ರಾಣಿಯ ಅಂಗಾಂಶವೇ ಅತ್ಯುತ್ತಮ ಸಾಕ್ಷಿ. ಆ ಜೀನ್ ಪೂರ್ತಿ ಇಲ್ಲದ ಮೌಸ್‌ಗಳು ಹುಟ್ಟಿದ ಸ್ವಲ್ಪ ಕಾಲದಲ್ಲೇ ಸಾಯುವುದರಿಂದ, ಮಿದುಳಿನ ಕೆಲವು ಕೋಶಗಳಲ್ಲಿ ಮಾತ್ರ ಜೀನ್ ತೆಗೆದುಹಾಕಿದ ಮೌಸ್‌ಗಳ ಅಂಗಾಂಶವನ್ನು ಬಳಸುತ್ತಾರೆ. ಅಲ್ಲಿಯೂ ಗುಳಿ ಸಾಮಾನ್ಯ ಮೌಸ್‌ನ ಅಂಗಾಂಶದಷ್ಟೇ ಹಳದಿಯಾದರೆ ಕಿಟ್ ಬೇರೇನನ್ನೋ ಹಿಡಿಯುತ್ತಿದೆ. ಅಂತಹ ಅಂಗಾಂಶ ಸಿಗದಿದ್ದರೆ, ಹಿಡಿಯುವ ಪ್ರತಿಕಾಯದ ಬದಲು ಸಂಬಂಧವಿಲ್ಲದ ಪ್ರತಿಕಾಯವನ್ನು ಬಳಿದ ಗುಳಿಗಳಲ್ಲಿ ಅದೇ ಮಾದರಿಯನ್ನು ಓದಿಸಿ ನೋಡಬಹುದು.

ಕೆಲವರ ಸೀರಂನಲ್ಲಿ ಪ್ರಾಣಿಗಳ ಪ್ರತಿಕಾಯಗಳಿಗೇ ಅಂಟುವ ಪ್ರತಿಕಾಯಗಳಿರುತ್ತವೆ. ಅವು ಬಿಡಿಎನ್‌ಎಫ್ ಇಲ್ಲದೆಯೇ ಮೇಲಿನ ಮತ್ತು ಕೆಳಗಿನ ಪ್ರತಿಕಾಯಗಳಿಗೆ ಸೇತುವೆಯಾಗಿ ಸುಳ್ಳು ಏರಿಕೆ ಕೊಡುತ್ತವೆ; ರೂಮಟಾಯ್ಡ್ ಫ್ಯಾಕ್ಟರ್ (ಪ್ರತಿಕಾಯಗಳಿಗೇ ಅಂಟುವ ಒಂದು ಪ್ರತಿಕಾಯ) ಇರುವ ರೋಗಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಹೆಚ್ಚಿನ ಪ್ರಮಾಣದಲ್ಲಿ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಜೋಡಿಯನ್ನು ನೆಚ್ಚಿದ ಕೆಲವು ಮಾಪನಗಳು ಕೆಡಬಹುದು.

ಭಾಗವಹಿಸುವವರಲ್ಲಿ ವ್ಯಾಲ್66ಮೆಟ್ ರೂಪಾಂತರ ಇದ್ದರೆ ಮಾಪನ ತಪ್ಪುತ್ತದೆಯೇ?

ಪಕ್ವ ರೂಪವನ್ನಷ್ಟೇ ಗುರುತಿಸುವ ಕಿಟ್‌ನಲ್ಲಿ ತಪ್ಪುವುದಿಲ್ಲ. 66ನೇ ಸ್ಥಾನದಲ್ಲಿ ವ್ಯಾಲಿನ್ ಬದಲು ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಬರುವ ಆ ಜೀನ್ ಬದಲಾವಣೆ ಇರುವುದು ಪೂರ್ವರೂಪದಲ್ಲಿ ಕತ್ತರಿಸಿಹೋಗುವ ಭಾಗದಲ್ಲಿ. ಆದರೆ ನರಕೋಶದ ಚಟುವಟಿಕೆಗೆ ತಕ್ಕಂತೆ ಬಿಡಿಎನ್‌ಎಫ್ ಬಿಡುಗಡೆಯಾಗುವುದರ ಮೇಲೆ ಅದು ಪರಿಣಾಮ ಬೀರುವುದರಿಂದ, ಭಾಗವಹಿಸುವವರ ಜೀನ್ ಮಾಹಿತಿ ಕೈಯಲ್ಲಿದ್ದರೆ ವಿಶ್ಲೇಷಣೆಯಲ್ಲಿ ಅದನ್ನು ಪರಿಗಣಿಸಬೇಕು.

ವ್ಯಾಯಾಮದ ನಂತರ ಬಿಡಿಎನ್‌ಎಫ್ ಏರಿತು. ಇದು ನಿಜವಾದ ಏರಿಕೆಯೇ?

ತೀವ್ರ ವ್ಯಾಯಾಮದಲ್ಲಿ ಪ್ಲಾಸ್ಮಾದ ನೀರಿನಂಶ ರಕ್ತನಾಳಗಳಿಂದ ಹೊರಸರಿಯುವುದರಿಂದ, ಉಳಿದ ಎಲ್ಲ ಪ್ರೋಟೀನ್‌ಗಳ ಸಾಂದ್ರತೆಯೂ ಏರುತ್ತದೆ. ಜೊತೆಗೆ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಏರುತ್ತದೆ, ಸೀರಂ ಅಂಕಿ ಅದರ ಹಿಂದೆಯೇ ಏರುತ್ತದೆ. ವ್ಯಾಯಾಮಕ್ಕೆ ಮೊದಲು ಮತ್ತು ನಂತರ ಹಿಮೋಗ್ಲೋಬಿನ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮತ್ತು ಪ್ಲೇಟ್‌ಲೆಟ್ ಎಣಿಕೆ ಮೂರನ್ನೂ ತೆಗೆದು, ಅವುಗಳ ಪಾಲನ್ನು ಕಳೆದ ಮೇಲೂ ಉಳಿಯುವ ಏರಿಕೆಯ ಬಗ್ಗೆ ಮಾತ್ರ ಮಾತನಾಡಬೇಕು.

ಪತ್ತೆ ಮಿತಿಗಿಂತ ಕೆಳಗೆ ಬಂದ ಮಾದರಿಗಳಿಗೆ ಸೊನ್ನೆ ಎಂದು ಬರೆಯಬಹುದೇ?

ಬರೆಯಬಾರದು. ಪತ್ತೆ ಮಿತಿ ಎಂದರೆ ಕಿಟ್ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ; ಅದಕ್ಕಿಂತ ಕೆಳಗೆ ಎಂದರೆ ಸೊನ್ನೆಗೂ ಮಿತಿಗೂ ನಡುವೆ ಎಲ್ಲೋ ಇದೆ ಎಂದಷ್ಟೇ ಅರ್ಥ. ಆ ಮಾದರಿಗಳನ್ನು ಕೈಬಿಟ್ಟರೆ ಸರಾಸರಿ ಮೇಲಕ್ಕೆ ವಾಲುತ್ತದೆ, ಸೊನ್ನೆ ಹಾಕಿದರೆ ಕೆಳಕ್ಕೆ ವಾಲುತ್ತದೆ. ಮಿತಿಯ ಕೆಳಗಿನವನ್ನು ಹಾಗೆಂದೇ ಗುರುತಿಸಿ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರೀಯ ವಿಧಾನಗಳಿವೆ. ಅವುಗಳಲ್ಲಿ ಒಂದನ್ನು ಬಳಸಿ, ಅಂತಹ ಮಾದರಿಗಳು ಶೇಕಡಾ ಎಷ್ಟು ಎಂದು ಬರೆಯಿರಿ. ಮಿದುಳು ಮತ್ತು ಮಿದುಳುಬಳ್ಳಿಯನ್ನು ಸುತ್ತುವರಿದ ದ್ರವದಲ್ಲಿ ಬಿಡಿಎನ್‌ಎಫ್ ಅತಿ ಕಡಿಮೆ ಇರುವುದರಿಂದ ಸಾಮಾನ್ಯ ಎಲೈಸಾದಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಅಲ್ಲಿ ಒಂಟಿ ಅಣುಗಳನ್ನು ಎಣಿಸುವ ಸಿಮೋವಾದಂತಹ ಹೆಚ್ಚು ಸೂಕ್ಷ್ಮ ವಿಧಾನ ಸೂಕ್ತ.

ವೆಸ್ಟರ್ನ್ ಬ್ಲಾಟ್ ಮಾಡಿದರೆ ಎಲೈಸಾ ಬೇಡವೇ?

ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಪ್ರೋಟೀನ್‌ಗಳನ್ನು ತೂಕಕ್ಕೆ ತಕ್ಕಂತೆ ಬಿಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್ 14 ಮತ್ತು 32 ಕಿಲೋಡಾಲ್ಟನ್ ಪಟ್ಟಿಗಳನ್ನು ಬೇರ್ಪಡಿಸಿ ತೋರಿಸುತ್ತದೆ, ಆದರೆ ಪ್ರಮಾಣವನ್ನು ನಿಖರವಾಗಿ ಹೇಳಲು ಎಲೈಸಾದಷ್ಟು ಸಮರ್ಥವಲ್ಲ. ಮಿದುಳಿನ ಅಂಗಾಂಶದಲ್ಲಿ ಎರಡನ್ನೂ ಮಾಡುವುದು ಒಳ್ಳೆಯದು.

ರಕ್ತದ ಬಿಡಿಎನ್‌ಎಫ್ ಮಿದುಳಿನ ಸ್ಥಿತಿಯನ್ನು ಹೇಳುತ್ತದೆಯೇ? ಇದರಿಂದ ಖಿನ್ನತೆಯನ್ನು ಪತ್ತೆ ಮಾಡಬಹುದೇ?

ಖಿನ್ನತೆ ಇರುವವರ ಗುಂಪಿನಲ್ಲಿ ಸೀರಂ ಬಿಡಿಎನ್‌ಎಫ್‌ನ ಸರಾಸರಿ ಕಡಿಮೆ ಇರುವುದನ್ನು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಗಳು ತೋರಿಸಿವೆ. ಆದರೆ ಎರಡು ಗುಂಪುಗಳ ಅಂಕಿಗಳು ಬಹಳ ಮಟ್ಟಿಗೆ ಒಂದರ ಮೇಲೊಂದು ಹರಡಿಕೊಂಡಿರುವುದರಿಂದ, ಒಬ್ಬ ವ್ಯಕ್ತಿಯ ಅಂಕಿಯನ್ನು ನೋಡಿ ಖಿನ್ನತೆ ಇದೆ ಅಥವಾ ಇಲ್ಲ ಎಂದು ಹೇಳಲಾಗದು. ಎಲ್ಲ ಕಿಟ್‌ಗಳಿಗೂ ಅನ್ವಯಿಸುವ ಸಾಮಾನ್ಯ ಮಟ್ಟವೂ ನಿಗದಿಯಾಗಿಲ್ಲ. ಮನುಷ್ಯರ ಪ್ಲೇಟ್‌ಲೆಟ್‌ಗಳನ್ನು ಹುಟ್ಟಿಸುವ ಮೂಳೆಮಜ್ಜೆಯ ಕೋಶಗಳು ತಾವೇ ಬಿಡಿಎನ್‌ಎಫ್ ತಯಾರಿಸುತ್ತವೆ. ಹಾಗಾಗಿ ಸೀರಂನಲ್ಲಿ ಕಂಡ ಬದಲಾವಣೆ ಮಜ್ಜೆಯಲ್ಲೂ ಹುಟ್ಟಿರಬಹುದು, ಪ್ಲೇಟ್‌ಲೆಟ್‌ಗಳ ಎಣಿಕೆಯಲ್ಲೂ ಇರಬಹುದು. ರಕ್ತದ ವರದಿಯನ್ನು ಕೈಯಲ್ಲಿ ಹಿಡಿದು ‘ನನ್ನ ಮಿದುಳಿನಲ್ಲಿ ಬಿಡಿಎನ್‌ಎಫ್ ಕಡಿಮೆಯೇ?’ ಎಂದು ಕೇಳುವವರಿಗೆ, ಆ ವರದಿ ಮಿದುಳನ್ನು ನೇರವಾಗಿ ಅಳೆದಿಲ್ಲ, ಅದರ ಆಧಾರದ ಮೇಲೆ ಔಷಧಿ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು ಎಂದು ಸ್ಪಷ್ಟವಾಗಿ ಹೇಳಬೇಕು.